ಉಣ್ಣದೆ ಹೊರಟ ರಕ್ಕಸರು

ನಮ್ಮ ವಿಜಯಪುರದ ಮಂದಿಯಿಂದ ಯುದ್ಧ ಮಾಡಿಸುವಷ್ಟು ದೊಡ್ಡ ತಲೆನೋವು ಇನ್ನೊಂದಿಲ್ಲ. ವರ್ಷವಿಡೀ ಕೂತು ಹೆಬ್ಬೆರಳುದ್ದದ ನೂರಾರು ರಕ್ಕಸರ, ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿದವಳು ನಾನು, ರೂಪಾಲಿ. ಸ್ಟೇಷನ್ ರಸ್ತೆಯ ಮಂಗಲ ಕಾರ್ಯಾಲಯದಲ್ಲಿ ಆಟಗಳ ಮೇಳ. ನಟ್ಟನಡುವಿನ ದೊಡ್ಡ ಟೇಬಲ್ ಮೇಲೆ ನನ್ನ ಕೋಟೆ. ದಾಳ ಉರುಳಿಸಿ ಸೈನ್ಯ ನಡೆಸುವುದು ಆಟಗಾರರ ಕೆಲಸ, ಜಗಳ ಬಿಡಿಸುವ ಅಂಪೈರ್ ನಾನು. ಸಂಜೆ ಕೋಟೆ ಯಾರ ಕೈಯಲ್ಲಿರುತ್ತದೋ ಅವರು ಗೆದ್ದಂತೆ.

ಮೇಳ ನಡೆಸುವ ಧೀರೇಂದ್ರ ನನ್ನ ಜೊತೆ ಸಾಲಿ ಕಲಿತ ಗೆಳೆಯ. ಬೆಳಗ್ಗೆಯೇ ತಾಕೀತು ಮಾಡಿದ್ದ: "ಹ್ವಾದ ವರ್ಷ ನಿನ್ನ ಯುದ್ಧ ಮುಗೀಲೇ ಇಲ್ಲ. ಈ ಸಲ ಸಂಜಿ ಐದರೊಳಗ ಯಾರರ ಒಬ್ಬರು ಗೆಲ್ಲಬೇಕು. ಇಲ್ಲಾಂದ್ರ ಮುಂದಿನ ವರ್ಷ ಈ ಟೇಬಲ್ ಕೇರಂನವರಿಗೆ."

ಕೇರಂನವರಿಗಂತೆ!

ಕೋಟೆಯ ರಾಜ ತಿಕೋಟಾದ ಬ್ಯಾಂಕ್ ಮ್ಯಾನೇಜರ್ ಸುಶೀಲೇಂದ್ರ. ರಕ್ಕಸರ ಒಡೆಯ ಬಬಲೇಶ್ವರದ ಒಣದ್ರಾಕ್ಷಿ ವ್ಯಾಪಾರಿ ಸೈಫುದ್ದೀನ. ಮಧ್ಯಾಹ್ನದ ಹೊತ್ತಿಗೆ ರಕ್ಕಸರು ಬೆಂಕಿಯುಗುಳುವ ಡ್ರ್ಯಾಗನ್ ಸಮೇತ ಬಾಗಿಲಿಗೆ ಬಂದರು. ಸುಶೀಲೇಂದ್ರ ದಾಳ ಮುಟ್ಟಲೇ ಇಲ್ಲ. ಕೋಟೆಯ ಬಾಗಿಲನ್ನೇ ತೆರೆದುಬಿಟ್ಟರು!

"ಬಾಗಲಿಗೆ ಬಂದವ್ರನ್ನ ಹೊರಗ ನಿಂದ್ರಸೂದು ನಮ್ಮ ಮನ್ಯಾಗ ಇಲ್ರಿ ಸಾಹೇಬ್ರ. ಒಳಗ ಬರ್ರಿ, ಚಹಾ ಕುಡೀರಿ."

"ಸುಮ್ನ ನಿಮಗ್ಯಾಕ ತ್ರಾಸು?" ಎನ್ನುತ್ತಲೇ ಸೈಫುದ್ದೀನ ಇಡೀ ಸೈನ್ಯವನ್ನು ಒಳಗೆ ತುಂಬಿದರು. ನಿಜವಾದ ಚಹಾವೂ ಬಂತು.

ನನಗೆ ರೇಗಿತು. "ಯುದ್ಧಕ್ಕ ಬಂದೀರೋ, ಬೀಗರ ಮನಿಗೆ ಬಂದೀರೋ? ಕೋಟೆ ತುಂಬ ರಕ್ಕಸರ ಅದಾರ. ಮುಗೀತು, ಸೈಫುದ್ದೀನ ಸಾಹೇಬ್ರು ಗೆದ್ರು!"

ಸೈಫುದ್ದೀನರ ಮುಖ ಸಣ್ಣದಾಯಿತು. "ಛೇ ಛೇ! ಅವರ ಚಹಾ ಕುಡದು ಅವರ ಮನೀನ ತಗೊಳ್ಳೂದ? ಬ್ಯಾಡ್ರೀ ಅಕ್ಕಾರ. ನಾವು ಹೊಂಟ್ವಿ."

"ಊಟದ ಹೊತ್ತಿನ್ಯಾಗ ಹೆಂಗ ಹೋಗ್ತೀರಿ?" ಸುಶೀಲೇಂದ್ರ ತಮ್ಮ ಭರ್ಜಿ ಹಿಡಿದ ಸೈನಿಕರನ್ನೆಲ್ಲ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದರು. "ರೊಟ್ಟಿ ತಿಂದ ಹೋಗಬೇಕು!"

"ಇಲ್ರೀ, ಮತ್ತೊಮ್ಮೆ ಬರ್ತೀವಿ."

"ಉಣ್ಣದ ಹೋದ್ರ ನಮಗ ಅವಮಾನ!"

ಅವಮಾನ ಎಂಬ ಮಾತು ಬಿದ್ದದ್ದೇ ತಡ, ನನ್ನೊಳಗಿನ ಕಿಡಿಗೇಡಿ ಎದ್ದು ಕೂತಳು. "ದಾಳ ಹಾಕ್ರಿ," ಎಂದೆ ಮೆಲ್ಲಗೆ. "ಬಾಗಲಾ ದಾಟಿದ್ರ ಹೋಗಾವ್ರು. ದಾಟಲಿಲ್ಲಂದ್ರ ಉಣ್ಣಾವ್ರು."

ಯಪ್ಪಾ, ಎಂಥ ಯುದ್ಧ! ಭರ್ಜಿಯವರು ಸಾಲುಸಾಲಾಗಿ ಉರುಳಿದರು. ರಕ್ಕಸರು ಮೆಟ್ಟಿಲ ಮೇಲೆಯೇ ಬಿದ್ದರು. ಗಡಿಯಾರ ನೋಡುತ್ತ ಬಂದ ಧೀರೇಂದ್ರ ಸಂಗತಿ ತಿಳಿದದ್ದೇ ತೋಳು ಮಡಚಿ ಸುಶೀಲೇಂದ್ರರ ಪಕ್ಕ ನಿಂತ. "ಬಾಗಲಾ ಬಿಡಬ್ಯಾಡ್ರಿ! ಬಂದವ್ರು ಹಸಕೊಂಡು ಹೋಗೂದಂದ್ರೇನು?"

ಐದಕ್ಕೆ ಸರಿಯಾಗಿ ಡ್ರ್ಯಾಗನ್ ಕೋಟೆಯ ಗೋಡೆಯನ್ನೇ ಒಡೆದುಹಾಕಿತು. ಉಳಿದ ರಕ್ಕಸರೆಲ್ಲ ಹೊರಗೆ!

"ಕೋಟೆ ಖಾಲಿ ಆತು. ಸುಶೀಲೇಂದ್ರ ಅವರು ಗೆದ್ರು!" ಎಂದು ಕೂಗಿದೆ.

"ಏನ್ ಗೆದ್ದೆ, ಮಣ್ಣು? ಒಬ್ಬರೂ ಉಣಲಿಲ್ಲ," ಎಂದು ಅವರು ಕುರ್ಚಿಗೆ ಕುಸಿದರು. "ನಾ ಸೋತೇನ್ರಿ."

"ಚಹಾ ಕೊಟ್ಟವರ ಗ್ವಾಡಿ ಒಡದು ಬಂದೇನಿ, ಸೋತಾಂವ ನಾ," ಎಂದರು ಸೈಫುದ್ದೀನ.

ಗೆದ್ದವರೇ ಇಲ್ಲ! ಹೋಯಿತು ನನ್ನ ಟೇಬಲ್. ಹೆದರುತ್ತಲೇ ಧೀರೇಂದ್ರನ ಕಡೆ ನೋಡಿದೆ. ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಮುಂದಿನ ವರ್ಷಾನೂ ಇದ ಟೇಬಲ್ ಮ್ಯಾಲ ಕೋಟೆ ಹಚ್ಚು ರೂಪಾಲಿ," ಎಂದ. "ಗ್ವಾಡಿ ಇನ್ನೂ ದಪ್ಪ ಮಾಡು. ನೋಡೂಣು, ಹೆಂಗ ಉಣ್ಣದ ಹೋಗ್ತಾರ!"