ಬೆಟ್ಟಕ್ಕೆ ಬಾಕಿ ಉಳಿದ ನೀಲಿ ಪಟ್ಟಿ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನಕ್ಕೆ ಮೋಡ ಕಟ್ಟುವುದು, ಸಂಜೆಗೆ ನಾಲ್ಕು ಹನಿ ಉದುರಿಸಿ ಸುಮ್ಮನಾಗುವುದು. ಶಾಲೆಗಳು ತೆರೆಯುವ ದಿನ ಹತ್ತಿರವಾಗಿದ್ದರಿಂದ ಟೈಲರ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಸಮವಸ್ತ್ರದ ನೀಲಿ ಬಟ್ಟೆ. ಒಳಗೆ ಮೆಷಿನ್ ಮುಂದೆ ಟೈಲರ್, ಹೊಸಿಲ ಬಳಿ ಬೆಳಕಿಗೆ ಕೂತು ಗುಂಡಿ ಹಚ್ಚುವ ಅವನ ಹೆಂಡತಿ. ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಆ ಹೆಸರೇ ಒಗ್ಗಿಹೋಗಿತ್ತು.

ಮೆಷಿನ್ ಸದ್ದು ನಿಂತಿತು. ಗುಂಡಿಯಕ್ಕ ತಲೆ ಎತ್ತಿದಳು. ಗಂಡ ಹಣೆ ಹಿಡಿದುಕೊಂಡಿದ್ದ.

"ಮತ್ತೆ ತಲೆನೋವಾ?"

"ಸೂಜಿ ಮಸುಕು ಮಸುಕಾಗಿ ಕಾಣ್ತಿದೆ ಕಣೇ. ಈ ಮಕ್ಕಳ ಬಟ್ಟೆ ಕೊಟ್ಟುಬಿಡ್ತೀನಿ. ಆಮೇಲೆ ಅಂಗಡಿ ಮುಚ್ಚೋಣ. ಇನ್ನು ನನ್ನ ಕೈಲಿ ಆಗಲ್ಲ."

ಗುಂಡಿಯಕ್ಕ ಕೈಯ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅವಳು ಕಂಡಿದ್ದು ಈ ಅಂಗಡಿಯನ್ನೇ. ಇದು ಮುಚ್ಚಿದರೆ ಗಂಡ ಏನು ಮಾಡಿಯಾನು? ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ರೋಗವೇನೂ ಇಲ್ಲ, ಕಣ್ಣಿಗೆ ದುಡಿತ ಹೆಚ್ಚಾಗಿದೆ, ಆಗಾಗ ಎದ್ದು ದೂರ ನೋಡಿ, ನಡೆದಾಡಿ ಎಂದಿದ್ದರು. ಇವನು ಅವರು ಕೊಟ್ಟ ಕನ್ನಡಕವನ್ನು ಮನೆಗೆ ತಂದ, ಆ ಮಾತನ್ನು ಅಲ್ಲೇ ಬಿಟ್ಟು ಬಂದ.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಜೇಬು ಹರಿದ ತನ್ನ ಆಸ್ಪತ್ರೆ ಕೋಟು ಹಿಡಿದು ಬಂದಳು. "ಏನಣ್ಣಾ, ಮೆಷಿನ್ನು ಮುನಿಸಿಕೊಂಡಿದೆಯಾ?"

"ಮೆಷಿನ್ ಗಟ್ಟಿಯಾಗಿದೆಯಮ್ಮ. ಕೂತಿರೋನು ಸವೆದಿದಾನೆ."

ವಿಷಯ ಕೇಳಿ ಅವಳು ಸ್ಟೂಲಿನ ಮೇಲೆ ಕೂತಳು. "ಅಲ್ಲಿಂದ ನಿಮಗೆ ಕಾಣೋ ಅತಿ ದೂರದ ವಸ್ತು ಯಾವುದು, ಹೇಳಿ ನೋಡೋಣ."

ಟೈಲರ್ ಸುತ್ತ ನೋಡಿದ. "ಎದುರು ಗೋಡೆ."

"ಕೈಯಲ್ಲಿ ಸೂಜಿ, ಎದುರಿಗೆ ಗೋಡೆ. ಪಾಪ, ಆ ಕಣ್ಣು ಎಲ್ಲಿಗಣ್ಣಾ ಹೋಗಬೇಕು? ಊರ ಹಿಂದೆ ಬೆಟ್ಟದ ಪಾರ್ಕ್ ಇದೆಯಲ್ಲ, ಯಾವತ್ತಾದರೂ ಹತ್ತಿದ್ದೀರಾ?"

ಟೈಲರ್ ಮೂಗು ಮುರಿದ. "ಅದೆಲ್ಲ ಕೆಲಸ ಇಲ್ಲದವರಿಗೆ ಕಣಮ್ಮ. ಮೇಲೇನಿದೆ? ಕಲ್ಲು. ಕಲ್ಲು ನೋಡೋಕೆ ಟಿಕೆಟ್ ಬೇರೆ."

"ಟಿಕೆಟ್ಟೂ ಇಲ್ಲ, ಏನೂ ಇಲ್ಲ. ಒಳ್ಳೆ ದಾರಿ ಮಾಡಿದ್ದಾರೆ, ಅಲ್ಲಲ್ಲಿ ಬೆಂಚು ಹಾಕಿದ್ದಾರೆ. ತುದಿಯಿಂದ ಹೊಳೆ ಕಾಣುತ್ತೆ."

"ಹೊಳೆ ನಾನು ನೋಡಿಲ್ವಾ? ಸೇತುವೆ ಮೇಲೆ ಎಷ್ಟು ಸಲ ಹೋಗಿದ್ದೀನಿ!"

"ಅದು ದಾಟಿದ್ದು ಅಣ್ಣಾ. ನೋಡಿದ್ದಲ್ಲ."

ಟೈಲರ್ ಕನ್ನಡಕ ತೆಗೆದು ಒರೆಸತೊಡಗಿದ. ಸಮಯ ನೋಡಿ ಗುಂಡಿಯಕ್ಕ ಮೆಲ್ಲಗೆ ಬಾಯಿ ಹಾಕಿದಳು. "ಅಲ್ಲಾ ರೀ, ಪೂರ್ತಿ ಮುಚ್ಚೋಕೇ ತಯಾರಾಗಿದ್ದೀರಿ. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಮುಚ್ಚಿ ನೋಡೋಣ. ಏನು ಗಂಟು ಹೋಗುತ್ತೆ?"

ರಜೆಯ ದಿನ ಬೆಳಿಗ್ಗೆ ಮೂವರೂ ಹೊರಟರು. ಜಾರದ ಶೂ, ತಲೆಗೆ ಟೋಪಿ, ನೀರಿನ ಬಾಟಲಿ, ಡಬ್ಬಿಯಲ್ಲಿ ತಿಂಡಿ, ಎಲ್ಲ ನರ್ಸಮ್ಮ ಹೇಳಿದಂತೆಯೇ ಆಯಿತು. ಆದರೆ ಯಾರಿಗೂ ಹೇಳದೆ ಟೈಲರ್ ಒಂದು ನೀಲಿ ತುಂಡನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಜೇಬಿಗೆ ತುರುಕಿಕೊಂಡಿದ್ದ.

ಹೊಲಿಗೆ ಹಿಡಿದರೆ ಅಂಚು ಮುಟ್ಟುವವರೆಗೆ ನಿಲ್ಲಿಸುವ ಅಭ್ಯಾಸ ಅವನಿಗಿರಲಿಲ್ಲ. ಬೆಟ್ಟವನ್ನೂ ಹಾಗೆಯೇ ಹಿಡಿದ. ಹಿಂದೆ ಮುಂದೆ ನೋಡದೆ ಸರಸರ ನಡೆದ. ಒಂದು ತಿರುವು ದಾಟಿ ಹೆಂಗಸರು ಬರುವಷ್ಟರಲ್ಲಿ ಏದುಸಿರು ಬಿಡುತ್ತಾ ಬಂಡೆಗೆ ಒರಗಿದ್ದ. ಗುಂಡಿಯಕ್ಕ ಓಡಿಬಂದಳು.

ನರ್ಸಮ್ಮ ಅವನನ್ನು ನೆರಳಿನ ಬೆಂಚಿಗೆ ಕೂರಿಸಿ, ಎದೆನೋವೇನಾದರೂ ಇದೆಯೇ ಎಂದು ಕೇಳಿ, ನಾಡಿ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು. "ಇದು ಹೊಲಿಗೆಯಲ್ಲಣ್ಣಾ. ನಡುವೆ ನಿಲ್ಲಿಸಿದರೆ ಬಿಚ್ಚಿಕೊಳ್ಳಲ್ಲ. ಮಾತಾಡ್ತಾ ನಡೀಬೇಕು. ಮಾತಾಡೋಕೆ ಉಸಿರು ಸಾಲದಿದ್ದರೆ ಕೂತುಬಿಡಬೇಕು."

"ಹಾಗಾದರೆ ಇವಳಿಗೆ ಬೆಟ್ಟ ಸಲೀಸು ಬಿಡು," ಎಂದ ಟೈಲರ್. ಗುಂಡಿಯಕ್ಕನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ನಿಧಾನವಾಗಿ ಹತ್ತಿದರು. ತುದಿ ತಲುಪಿ ಮೂವರೂ ಕಟಕಟೆ ಹಿಡಿದು ನಿಂತರು. ಕೆಳಗೆ ಹೊಳೆ ಬಿಸಿಲಿಗೆ ಹೊಳೆಯುತ್ತಾ, ಹೊಲಗಳನ್ನು ಬಳಸಿಕೊಂಡು, ಎಲ್ಲೋ ಮಂಜಿನಲ್ಲಿ ಕರಗುತ್ತಿತ್ತು. ಸೇತುವೆ ಎರಡು ದಡ ಸೇರಿಸಿ ಹಾಕಿದ ಒಂದು ಹೊಲಿಗೆಯಂತಿತ್ತು. ಟೈಲರ್ ನೋಡಿಯೇ ನೋಡಿದ. ಆಮೇಲೆ ಬೆರಳು ತೋರಿಸಿ, "ಆ ಕೆಂಪು ತಗಡು ನಮ್ಮ ಅಂಗಡಿ ಅಲ್ವೇನೇ? ಇಷ್ಟೇನಾ!" ಎಂದ.

ಗುಂಡಿಯಕ್ಕ ಅಂಗಡಿ ನೋಡಲಿಲ್ಲ, ಗಂಡನ ಮುಖ ನೋಡಿದಳು. ಹುಬ್ಬುಗಳ ನಡುವೆ ಸದಾ ಇರುತ್ತಿದ್ದ ಗಂಟು ಇಸ್ತ್ರಿ ಹಾಕಿದಂತೆ ಹೋಗಿತ್ತು. ಅವಳು ನರ್ಸಮ್ಮನ ಕೈಯನ್ನು ಒತ್ತಿ ಹಿಡಿದುಕೊಂಡಳು.

ಅಷ್ಟರಲ್ಲಿ ಪಾರ್ಕಿನ ಕಾವಲುಗಾರ ಬಂದ. ಅವನ ಕೈಯಲ್ಲಿ ಒಂದು ನೀಲಿ ಪಟ್ಟಿ ಇತ್ತು. "ಯಾರಪ್ಪಾ ಇದು, ನಮ್ಮ ಗಿಡಗಳಿಗೆ ಅಂಗಿ ಹೊಲಿಯೋಕೆ ಬಂದೋರು?"

ಟೈಲರ್ ನಾಲಿಗೆ ಕಚ್ಚಿಕೊಂಡ. "ನಾನೇ ಸಾರ್. ದಾರಿ ತಪ್ಪಬಾರದು ಅಂತ ಇವರಿಗೆ ಕಾಣದ ಹಾಗೆ ಅಲ್ಲಲ್ಲಿ ಕಟ್ಟಿಕೊಂಡು ಬಂದೆ."

"ಬಂಡೆ ಮೇಲೆ ಬಿಳಿ ಬಾಣ ಬರೆದಿದೀವಿ, ಕಾಣಲಿಲ್ವಾ? ಇದನ್ನ ಜಿಂಕೆ ತಿಂದರೆ ಹೊಟ್ಟೆಯಲ್ಲಿ ಗಂಟಾಗುತ್ತೆ. ಗಾಳಿಗೆ ಹಾರಿದರೆ ಹೊಳೆ ಸೇರುತ್ತೆ. ಊರೆಲ್ಲ ಕುಡಿಯೋದು ಅದೇ ನೀರು ತಾನೇ?"

"ತಪ್ಪಾಯ್ತು ಸಾರ್. ಕಟ್ಟಿದ ಕೈಯಲ್ಲೇ ಬಿಚ್ಚುತ್ತೀನಿ."

ಕಾವಲುಗಾರನ ಕೈಯ ಪಟ್ಟಿ ಇಸಿದುಕೊಂಡು, ಅವನೊಂದಿಗೇ ಇಳಿಯುತ್ತಾ ಗಿಡ ಗಿಡದ ಬಳಿ ನಿಂತು ಉಳಿದವನ್ನು ಬಿಚ್ಚಿದ. ಗೇಟಿನ ಬಳಿ ಬೆಂಚಿನ ಮೇಲೆ ಅವನ್ನೆಲ್ಲ ಹರಡಿ, ಅಂಚಿಗೆ ಅಂಚು ಕೂಡಿಸಿ, ಮೊದಲಿನ ತುಂಡಿನಂತೆಯೇ ಜೋಡಿಸಿದ. ನಟ್ಟನಡುವೆ ಒಂದು ಪಟ್ಟಿಯಷ್ಟು ಜಾಗ ಖಾಲಿ ಉಳಿಯಿತು.

"ಹೋಗಲಿ ಬಿಡಿ, ಗಾಳಿಗೆ ಹಾರಿರಬೇಕು," ಎಂದ ಕಾವಲುಗಾರ.

"ಇಲ್ಲ ಸಾರ್, ನಿಮ್ಮ ಬೆಟ್ಟಕ್ಕೆ ನಾನು ಸಾಲಗಾರ. ಮುಂದಿನ ವಾರ ಬಂದು ಹುಡುಕಿ ತೀರಿಸ್ತೀನಿ."

ಮುಂದಿನ ವಾರ! ಗುಂಡಿಯಕ್ಕ ಸಂತೋಷ ಮುಚ್ಚಿಕೊಳ್ಳಲು ಬಾಗಿ ಶೂ ಲೇಸು ಕಟ್ಟಿಕೊಂಡಳು.

ಮಕ್ಕಳ ಬಟ್ಟೆ ಹೇಳಿದ ದಿನಕ್ಕೆ ಹೋಯಿತು. ತಲೆನೋವು ಒಂದೇ ಸಲಕ್ಕೆ ಮಾಯವಾಗಲಿಲ್ಲ, ಆದರೆ ಬರುವುದು ಅಪರೂಪವಾಯಿತು. ಟೈಲರ್ ಈಗ ಮೆಷಿನ್ನನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದಾನೆ. ನಡುನಡುವೆ ಎದ್ದು ಬೀದಿ ಕೊನೆಯವರೆಗೆ ಹೋಗಿ ಬರುತ್ತಾನೆ. ಅಂಗಡಿ ಮುಚ್ಚುವ ಮಾತು ಎತ್ತುವುದಿಲ್ಲ. ಪ್ರತಿ ರಜೆಯ ದಿನ ಬೆಟ್ಟದ ಗೇಟಿನಲ್ಲಿ ಕಾವಲುಗಾರ ಕೇಳುತ್ತಾನೆ, "ಸಿಕ್ಕಿತಾ ಪಟ್ಟಿ?" ಇವನು ನಗುತ್ತಾನೆ, "ಎಲ್ಲಿ ಸಾರ್, ಸಾಲ ಹಾಗೇ ಇದೆ."

ಆ ಪಟ್ಟಿ ಎರಡನೆಯ ವಾರವೇ ಒಂದು ಪೊದೆಯಲ್ಲಿ ಗುಂಡಿಯಕ್ಕನಿಗೆ ಸಿಕ್ಕಿತ್ತು. ಈಗ ಅದು ಅವಳ ಗುಂಡಿ ಡಬ್ಬಿಯ ತಳದಲ್ಲಿದೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಹತ್ತಿರವೂ ಒಂದು ಬೆಟ್ಟದ ಪಾರ್ಕ್ ಇದ್ದೀತು. ಈ ರಜೆಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ನೀರು ಒಯ್ಯಿರಿ, ಗುರುತಿನ ದಾರಿ ಬಿಡಬೇಡಿ, ದಣಿದರೆ ಕೂರಿ, ಹೊಳೆಯನ್ನು ಮೇಲಿಂದ ನೋಡಿ, ಆಳ ತಿಳಿಯದ ನೀರಿಗೆ ಇಳಿಯಬೇಡಿ. ಎದೆನೋವು, ಉಬ್ಬಸ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ. ಕತ್ತಲಾಗುವ ಮುಂಚೆ ಇಳಿಯಿರಿ, ಒಯ್ದದ್ದನ್ನೆಲ್ಲ ವಾಪಸು ತನ್ನಿ. ನಮ್ಮನ್ನು ಕಾಯುತ್ತಾ ನಿಂತ ಆ ಬೆಟ್ಟಕ್ಕೆ, ನೀರು ಕೊಡುವ ಆ ಹೊಳೆಗೆ ನಾವು ಮಾಡಬಹುದಾದ ಉಪಕಾರ ಅಷ್ಟೇ.

ದಾರಿಯಲ್ಲಿ ಟೈಲರ್ ಸಿಕ್ಕರೆ ಮಾತಾಡಿಸಿ. ಡಬ್ಬಿಯ ಸುದ್ದಿ ಮಾತ್ರ ಎತ್ತಬೇಡಿ.