ಚಿಮಣಿಯ ಪಟ್ಟಿ ಯಾರ ಕಣ್ಣಿಗೆ?

ಬೀದಿಯಲ್ಲಿ ಒಬ್ಬರು ಹೊಸದೇನಾದರೂ ಮಾಡಿಸಿದರೆ ಎದುರಿನವರಿಗೆ ಅನ್ನ ಸೇರುವುದಿಲ್ಲ. ನಮ್ಮ ಭದ್ರಾವತಿಯ ರೋಶನ್ ಬೀಗೂ ಹಾಗೇ ಆಯಿತು.

ರೋಶನ್ ಬೀಯದು ಬೇಕರಿ. ಎದುರಿಗೆ ಮಾಸ್ತಮ್ಮನದೂ ಬೇಕರಿ. ಎರಡಕ್ಕೂ ತೆಂಗಿನ ಮರದೆತ್ತರದ ಕಬ್ಬಿಣದ ಚಿಮಣಿ. ಈ ಬೇಸಿಗೆಯಲ್ಲಿ ಮಾಸ್ತಮ್ಮ ತನ್ನ ಚಿಮಣಿಯ ತುದಿಗೆ ಕಬ್ಬಿಣದ ಪಟ್ಟಿಗಳನ್ನು ಬಳ್ಳಿ ಹಬ್ಬಿದ ಹಾಗೆ ಸುತ್ತಿಸಿದಳು. ಬಸ್ಸಿಗೆ ಕಾಯುವವರೆಲ್ಲ ಕತ್ತೆತ್ತಿ ನೋಡಿದ್ದೇ ನೋಡಿದ್ದು. ರೋಶನ್ ಬೀಯ ಹೊಟ್ಟೆಗೆ ಬೆಂಕಿ ಬಿತ್ತು.

"ನೋಡ್ರೀ, ಆ ಮಾರಾಯ್ತಿ ಚಿಮ್ನಿಗೂ ಒಡವೆ ಹಾಕ್ಸಿದಾಳೆ! ನಮ್ದಕ್ಕೂ ಹಾಕ್ಸಿ," ಎಂದು ಗಂಡ ನಸರುಲ್ಲಾನನ್ನು ಕಾಡಿದಳು.

"ಯಾಕೆ ಹಾಕ್ಸಿದಾರೆ ಅಂತ ಮೊದ್ಲು ಕೇಳ್ಕೊಂಡು ಬಾ."

"ನಾನಾ? ಅವಳ ಹತ್ರನಾ? ತೋಬಾ!"

ಅವಳು ಹೇಳಿಕಳಿಸಿದ್ದಕ್ಕೆ ವೆಲ್ಡಿಂಗ್ ಮಾಡುವ ಮುಸ್ತಕೀಮ್ ಬಂದ. "ಇದು ತುದೀಗೇ ಹಾಕ್ಬೇಕೇನೋ ಖಾಲಾ," ಎಂದ.

"ಅವಳದನ್ನ ನೋಡೋಕೆ ಕತ್ತು ಎತ್ಬೇಕು. ನಮ್ದು ನೆಟ್ಟಗೆ ಕಣ್ಣಿಗೇ ಬೀಳ್ಬೇಕು. ಕೆಳಗೆ ಸುತ್ತು. ಕೆಂಪು ಬಣ್ಣ ಹೊಡಿ."

ಅವನೂ ಹಾಗೇ ಮಾಡಿ ಹೋದ.

ಒಂದು ಬೆಳಿಗ್ಗೆ ಗಾಳಿ ಎದ್ದಿತು. ಬಿರುಗಾಳಿಯೇನಲ್ಲ, ಒಂದೇ ಸಮ ಬೀಸುವ ಹಿತವಾದ ಗಾಳಿ. ರೋಶನ್ ಬೀಯ ಚಿಮಣಿ ಗುಂಯ್‌ಗುಟ್ಟುತ್ತಾ ಅತ್ತಿತ್ತ ತೂಗತೊಡಗಿತು. ಅವಳು ಮೊದಲು ನೋಡಿದ್ದು ಎದುರಿನ ಚಿಮಣಿಯನ್ನು. ಅದು ಅಲುಗದೆ ನಿಂತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

ಮಾಸ್ತಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ರೋಶನಕ್ಕ, ಒಳಗೆ ಯಾರಿದಾರೆ?"

"ಸೊಸೆ ನಗ್ಮಾ ಟೋಸ್ಟ್ ಪ್ಯಾಕ್ ಮಾಡ್ತಿದಾಳೆ. ನಿಂಗ್ಯಾಕೆ? ನಮ್ಮ ಪಟ್ಟಿ ನೋಡಿ ಹೊಟ್ಟೆ ಉರೀತಾ?"

"ಉರ್ಕೊಳ್ಳೋದು ಆಮೇಲೆ! ಬುಡದ ವೆಲ್ಡಿಂಗ್ ಬಿಟ್ಟಿದೆ ನೋಡಕ್ಕ!"

ಮಾಸ್ತಮ್ಮ ಚಿಮಣಿಯ ಪಕ್ಕದ ಶೀಟು ಹೊದಿಸಿದ ಕೋಣೆಗೆ ನುಗ್ಗಿ, ನಗ್ಮಾಳ ರಟ್ಟೆ ಹಿಡಿದು ಬೀದಿಗೆ ಎಳೆದು ತಂದಳು. ಹಿಂದೆಯೇ ಚಿಮಣಿ ಮುರಿದು ಆ ಶೀಟಿನ ಮೇಲೇ ಬಿತ್ತು. ನಗ್ಮಾ ಕೂತಿದ್ದ ಸ್ಟೂಲು ಚಪ್ಪಟೆಯಾಗಿತ್ತು.

ರೋಶನ್ ಬೀ ಸೊಸೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಇಷ್ಟು ಸಣ್ಣ ಗಾಳಿಗೆ ಹೆಂಗೆ ಬಿತ್ತು?"

"ನಂದೂ ಹಿಂಗೇ ತೂಗ್ತಿತ್ತಕ್ಕ. ದುರ್ಗಿಗುಡಿಯಿಂದ ಇಂಜಿನಿಯರ್ ಕರೆಸಿ ಕೇಳ್ದೆ. ದುಂಡಗಿನ ಕೊಳವೆ ದಾಟೋ ಗಾಳಿ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ ಸುಳಿ ಬಿಡುತ್ತಂತೆ. ಜೋಕಾಲೀನ ಹದ ನೋಡಿ ಸಣ್ಣಗೆ ತಳ್ಳಿದ್ರೂ ಮೇಲೆ ಹೋಗಲ್ವಾ? ಹಂಗೇ ಆ ಸುಳಿ ಚಿಮ್ನಿ ತೂಗೋ ತಾಳಕ್ಕೆ ಕೂಡಿದ್ರೆ ತೂಗಾಟ ಜಾಸ್ತಿಯಾಗುತ್ತೆ. ದಿನಾ ಅಲುಗಿ ಅಲುಗಿ ವೆಲ್ಡಿಂಗ್ ಬಿರಿಯುತ್ತೆ. ಪಟ್ಟಿ ಸುತ್ತಿದ್ರೆ ಸುಳಿಗಳ ತಾಳ ತಪ್ಪುತ್ತೆ. ಹೆಚ್ಚು ತೂಗೋದು ತುದಿ ತಾನೇ? ಪಟ್ಟಿ ಅಲ್ಲೇ ಬೇಕು."

"ಇದೂ ನಿಂಗೇ ಮೊದ್ಲು ಗೊತ್ತಾಗ್ಬೇಕಿತ್ತಾ?" ಎಂದಳು ರೋಶನ್ ಬೀ, ಮೂಗು ಒರೆಸಿಕೊಳ್ಳುತ್ತಾ. ಅತ್ತೆಯ ತೋಳಲ್ಲಿದ್ದ ನಗ್ಮಾ ನಕ್ಕೇಬಿಟ್ಟಳು.

ಈಗ ಅಲ್ಲಿ ಹೊಸ ಚಿಮಣಿ ನಿಂತಿದೆ. ಪಟ್ಟಿ ತುದಿಯಲ್ಲಿ, ಇಂಜಿನಿಯರ್ ಹೇಳಿದ ಅಳತೆಗೆ. ಬಣ್ಣ ಮಾತ್ರ ಕೆಂಪೇ.

ಬಂಧುಗಳೇ, ಹೊಟ್ಟೆಕಿಚ್ಚು ಬಿಡಿ ಎಂದರೆ ನೀವು ಬಿಡುವವರಲ್ಲ. ಪಟ್ಟುಕೊಳ್ಳಿ. ಆದರೆ ಎದುರಿನವರನ್ನು "ಯಾಕೆ ಮಾಡ್ಸಿದ್ರಿ?" ಎಂದು ಒಂದು ಮಾತು ಕೇಳಿ. ನಿಮ್ಮ ಚಿಮಣಿಯಾಗಲಿ, ಎತ್ತರದ ಕಂಬವಾಗಲಿ ಸಣ್ಣ ಗಾಳಿಗೂ ತೂಗಿದರೆ, ಗುಂಯ್‌ಗುಟ್ಟಿದರೆ, ಬುಡದಲ್ಲಿ ಬಿರುಕು ಕಂಡರೆ, ಮೊದಲು ಜನರನ್ನು ದೂರ ಕಳಿಸಿ. ಆಮೇಲೆ ತಿಳಿದ ಇಂಜಿನಿಯರಿಗೆ ತೋರಿಸಿ. ನಿಮ್ಮ ಚಿಮಣಿಯ ಕೆಳಗೆ ಈಗ ಯಾರು ಕೂತಿದ್ದಾರೆ? ಓದುತ್ತಿರುವ ಈ ಕಾಗದ ಪಕ್ಕಕ್ಕಿಟ್ಟು ಒಮ್ಮೆ ಎದ್ದು ನೋಡಿ ಬನ್ನಿ.