ಸಾಹೇಬ ಎಲ್ಲಿ ಹೋದ?

ತಂಗಿಯ ಆಫೀಸು ಎಂದರೆ ನಡುಮನೆಯ ಒಂದು ಮೇಜು, ಕಂಪ್ಯೂಟರ್, ಹೆಡ್‌ಫೋನ್, ಮತ್ತು ಮೇಜಿನ ಕೆಳಗೆ ಅವಳ ಪಾದಗಳ ಮೇಲೆ ಗಲ್ಲ ಇಟ್ಟು ಮಲಗುವ ಕಂದು ಬಣ್ಣದ ನಾಯಿ. ಬಟ್ಟೆ ಒಗೆಯುವ ಮೆಷಿನ್ ಮಾರುವ ಕಂಪನಿಯೊಂದರ ಗಿರಾಕಿಗಳು ದಿನವಿಡೀ ಅವಳಿಗೆ ಫೋನ್ ಮಾಡುತ್ತಿದ್ದರು. ನೀರು ಹೊರಗೆ ಹೋಗ್ತಿಲ್ಲ, ಬಾಗಿಲು ತೆಗೆಯೋಕೆ ಬರ್ತಿಲ್ಲ, ಮೆಷಿನ್ನು ಕುಣಿದು ಕುಣಿದು ಅಡುಗೆಮನೆವರೆಗೂ ಬಂದಿದೆ. ಬೈದವರಿಗೂ ಅತ್ತವರಿಗೂ ಅವಳು ಒಂದೇ ಮೆತ್ತನೆಯ ದನಿಯಲ್ಲಿ ಉತ್ತರ ಹೇಳುತ್ತಿದ್ದಳು.

ನಾಯಿಗೆ ಸಾಹೇಬ ಎಂದು ಹೆಸರಿಟ್ಟವಳು ಅಕ್ಕ. ಬೀದಿಯಲ್ಲಿ ನಡುಗುತ್ತಾ ನಿಂತಿದ್ದ ಮರಿಯನ್ನು ಎತ್ತಿ ತಂದವಳೂ ಅವಳೇ. ಒಳಗೆ ಬಿಟ್ಟದ್ದೇ ತಡ, ಅದು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿ ಹತ್ತಿ ಕೂತು ಇಬ್ಬರನ್ನೂ ನೋಡಿತ್ತು. "ಬಂದ್ರಪ್ಪ ಸಾಹೇಬ್ರು! ಇನ್ನು ನಾವು ನಿಂತ್ಕೊಂಡೇ ಇರ್ಬೇಕು" ಎಂದು ಅಕ್ಕ ನಕ್ಕಿದ್ದಳು.

ಅಕ್ಕ ಟೈಲರ್ ಆಗಿದ್ದಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದು ತಂಗಿಯನ್ನು ಓದಿಸಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದ್ಲು ಇವಳು ಒಂದು ದಡ ಸೇರ್ಲಿ" ಎನ್ನುತ್ತಿದ್ದವಳು, ತಂಗಿ ದಡ ಸೇರುವಷ್ಟರಲ್ಲಿ ಆ ಮಾತನ್ನೇ ಬಿಟ್ಟಿದ್ದಳು. ವಯಸ್ಸು ಅರವತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಮೊದಲು ಬಟ್ಟೆಯ ಅಳತೆ ತಪ್ಪಿತು, ಆಮೇಲೆ ಮನೆಯ ದಾರಿ ತಪ್ಪಿತು. ಆಗಲೇ ತಂಗಿ ಮೇಲಿನವರನ್ನು ಕಾಡಿ ಬೇಡಿ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಪಡೆದದ್ದು.

ಆದರೆ ಹೆಡ್‌ಫೋನ್ ಹಾಕಿಕೊಂಡರೆ ಮನೆಯೊಳಗಿನ ಸದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಅಕ್ಕನನ್ನು ಕಾಯುವ ಕೆಲಸವನ್ನು ಸಾಹೇಬ ತಾನಾಗಿ ವಹಿಸಿಕೊಂಡ. ಅಕ್ಕ ಚಪ್ಪಲಿ ಮೆಟ್ಟಿದರೆ ಸಾಕು, ಮೇಜಿನ ಕೆಳಗಿಂದ ಎದ್ದು ಹೋಗಿ ಬಾಗಿಲಿಗೆ ಅಡ್ಡ ಮಲಗುತ್ತಿದ್ದ. ಅವಳು ದಾಟಲು ನೋಡಿದರೆ ಬೊಗಳುತ್ತಿದ್ದ. ಅದು ಗಿರಾಕಿಗಳಿಗೂ ಕೇಳಿಸುತ್ತಿತ್ತು. ಆಫೀಸಿನ ಮೇಲ್ವಿಚಾರಕಿ ಮೊದಮೊದಲು ಗೊಣಗಿದಳು; ಸಂಗತಿ ತಿಳಿದ ಮೇಲೆ, "ನಿಮ್ಮ ಸಾಹೇಬ್ರಿಗೆ ನಾನು ಕೇಳ್ದೆ ಅಂತ ಹೇಳಿ" ಎನ್ನತೊಡಗಿದಳು.

ಸಾಹೇಬನಿಗೂ ವಯಸ್ಸಾಯಿತು. ಹೋದ ವರ್ಷ ಅವನು ಊಟ ಬಿಟ್ಟ, ನೀರೂ ಬಿಟ್ಟ. ಅಕ್ಕನನ್ನು ಪಕ್ಕದ ಮನೆಯಾಕೆಯ ಹತ್ತಿರ ಬಿಟ್ಟು ತಂಗಿ ಅವನನ್ನು ಎತ್ತಿಕೊಂಡು ಹೋದಳು. ನಾಯಿಗಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಎರಡೂ ಕಿಡ್ನಿ ಕೈಕೊಟ್ಟಿವೆ. ತುಂಬಾ ನೋವು ತಿಂತಿದಾನೆ. ಸೂಜಿ ಕೊಟ್ಟು ಕಳಿಸ್ಕೊಡೋದೇ ಒಳ್ಳೇದಮ್ಮ" ಎಂದರು. ತಂಗಿಯ ಅಂಗೈ ಮೇಲೆ ಗಲ್ಲ ಇಟ್ಟುಕೊಂಡೇ ಸಾಹೇಬ ಹೋದ.

ವಿಷಯ ಕೇಳಿ ಅಕ್ಕ ಮಗು ಕಳೆದುಕೊಂಡವಳ ಹಾಗೆ ಅತ್ತಳು. ಅವಳನ್ನು ಸಮಾಧಾನ ಮಾಡಿ, ನಾಲ್ಕು ತುತ್ತು ತಿನ್ನಿಸಿ ಮಲಗಿಸುವಷ್ಟರಲ್ಲಿ ತಂಗಿಗೆ ತಾನು ಅಳಲು ಪುರುಸೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಸಾಹೇಬ ಎಲ್ಲಿ ಹೋದ್ನೇ? ಬೆಳಿಗ್ಗೆಯಿಂದ ಕಾಣ್ತಾನೇ ಇಲ್ಲ."

"ಅಕ್ಕಾ, ನಿನ್ನೆ ಹೇಳಿದ್ನಲ್ಲ... ಅವನು ತೀರ್ಕೊಂಡ."

"ಅಯ್ಯೋ! ಯಾವಾಗ? ನನಗ್ಯಾಕೆ ಹೇಳ್ಲಿಲ್ಲ ನೀನು?" ಅಕ್ಕ ಗೋಡೆ ಹಿಡಿದು ಕುಸಿದಳು.

ಅದರ ಮರುದಿನವೂ ಹಾಗೆಯೇ ಆಯಿತು. ತಂಗಿಗೆ ಹಳತಾಗುತ್ತಿದ್ದ ಸಾವು ಅಕ್ಕನಿಗೆ ದಿನಾ ಹೊಸದು. ಆ ಅಳು ನೋಡಲಾರದೆ ತಂಗಿ ಸುಳ್ಳು ಹೇಳಿದಳು: "ಪಕ್ಕದ ಮನೆಯವರು ಸುತ್ತಾಡಿಸೋಕೆ ಕರ್ಕೊಂಡು ಹೋಗಿದಾರೆ." ಅಕ್ಕನ ಮುಖ ಅರಳಿತು. ಆದರೆ ಮಧ್ಯಾಹ್ನ ತಂಗಿ ಫೋನಿನಲ್ಲಿದ್ದಾಗ ಅಕ್ಕ ಸಾಹೇಬನ ಕತ್ತಿನ ಬೆಲ್ಟು ಕೈಯಲ್ಲಿ ಹಿಡಿದು ಹೊರಟೇಬಿಟ್ಟಳು. ತಡೆಯಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸುಗಳ ನಡುವೆ "ಸಾಹೇಬಾ, ಬಾರೋ" ಎಂದು ಕೂಗುತ್ತಾ ನಿಂತಿದ್ದವಳನ್ನು ಇಸ್ತ್ರಿ ಅಂಗಡಿಯವನು ಕೈಹಿಡಿದು ಕರೆತಂದ.

ಅಂದಿನಿಂದ ತಂಗಿ ಬಾಗಿಲಿಗೆ ಒಳಗಿಂದ ಬೀಗ ಹಾಕಿದಳು. ಸುಳ್ಳು ಹೇಳುವುದನ್ನೂ ಬಿಟ್ಟಳು.

ಒಂದು ದಿನ ವಯಸ್ಸಾದ ಗಿರಾಕಿಯೊಬ್ಬರಿಗೆ ಮೆಷಿನ್ನಿನ ಕಸ ಹಿಡಿಯುವ ಜಾಲರಿ ಬಿಚ್ಚುವುದು ಹೇಗೆಂದು ಹೇಳಿಕೊಡುತ್ತಿದ್ದಾಗ ಅಕ್ಕ ಬಂದು ಹೆಗಲು ಅಲ್ಲಾಡಿಸಿದಳು. "ಸಾಹೇಬ ಎಲ್ಲಿ? ಹೇಳೇ, ನನ್ನ ಹತ್ರ ಮುಚ್ಚಿಡ್ಬೇಡ." ತಂಗಿಯ ಮೆತ್ತನೆಯ ದನಿ ಒಡೆಯಿತು. ಆ ಕಡೆಯಿಂದ ಮುದುಕರು ಹೇಳಿದರು: "ಹೋಗಿ ನೋಡಮ್ಮ. ನನಗೇನು ಅವಸರ ಇಲ್ಲ, ಕಾಯ್ತೀನಿ."

ತಂಗಿ ಹೆಡ್‌ಫೋನ್ ತೆಗೆದಿಟ್ಟು ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಸತ್ತ ಸುದ್ದಿ ಹೇಳುವ ಮೊದಲು ಯಾಕೋ ಕೇಳಿದಳು: "ಅಕ್ಕಾ, ಅವನು ಮನೆಗೆ ಬಂದ ದಿನ ನೆನಪಿದೆಯಾ?" ಅಕ್ಕನಿಗೆ ಅದೆಲ್ಲ ನೆನಪಿತ್ತು. ಕುರ್ಚಿ, ಒದ್ದೆ ಕಾಲು, ಅವಳು ಹೊಲಿಯುತ್ತಿದ್ದ ಯೂನಿಫಾರ್ಮಿನ ಮೇಲೆ ಬಿದ್ದ ಹೆಜ್ಜೆ ಗುರುತು. ಹೇಳುತ್ತಾ ಹೇಳುತ್ತಾ ನಕ್ಕಳು. ಆಮೇಲೆ ತಾನೇ ಮೆಲ್ಲಗೆ ಕೇಳಿದಳು: "ಹೋಗ್ಬಿಟ್ಟ ಅಲ್ವಾ?" ತಂಗಿ ಹೂಂ ಎಂದಳು. ಆ ದಿನ ಅಕ್ಕ ಅತ್ತರೂ ಕುಸಿಯಲಿಲ್ಲ. ತಂಗಿ ಮತ್ತೆ ಹೆಡ್‌ಫೋನ್ ಹಾಕಿಕೊಂಡಾಗ ಮುದುಕರು ಇನ್ನೂ ಕಾಯುತ್ತಿದ್ದರು. ಏನಾಯಿತೆಂದು ಕೇಳದೆ, "ಜಾಲರಿ ಬಿಚ್ಚಿದೆ, ಮುಂದೆ ಹೇಳಿ" ಎಂದರು.

ಅಲ್ಲಿಂದ ಮುಂದೆ ಇಬ್ಬರೂ ಹಾಗೆಯೇ ಕೂತು ಮಾತಾಡುವುದು ರೂಢಿಯಾಯಿತು. ಆ ಹೊತ್ತಿಗೆ ಕರೆಗಳನ್ನು ಬೇರೆಯವರಿಗೆ ಕಳಿಸಲು ಮೇಲ್ವಿಚಾರಕಿ ಒಪ್ಪಿದಳು. ಪ್ರಶ್ನೆ ದಿನಾ ಬರುತ್ತಿದ್ದದ್ದು ಎರಡು ಮೂರು ದಿನಕ್ಕೊಮ್ಮೆ ಬರತೊಡಗಿತು, ಆಮೇಲೆ ವಾರಕ್ಕೊಮ್ಮೆ. ಕೊನೆಗೆ ನಿಂತೇಹೋಯಿತು.

ಹಗುರವಾಗಬೇಕಿತ್ತು. ಆದರೆ ಅಕ್ಕ ಕೇಳದ ಒಂದೊಂದು ದಿನವೂ ತಂಗಿಗೆ ಭಾರವಾಯಿತು. ಒಂದು ಬೆಳಿಗ್ಗೆ ತಡೆಯಲಾರದೆ ತಾನೇ ಕೇಳಿದಳು: "ಅಕ್ಕಾ, ನಮ್ಮ ಸಾಹೇಬ ಇದ್ದಿದ್ರೆ ಈಗ ಏನು ಮಾಡ್ತಿದ್ದ ಹೇಳು?"

ಅಕ್ಕ ಹಣೆ ಗಂಟಿಕ್ಕಿ ಯೋಚಿಸಿದಳು. "ಯಾವ ಸಾಹೇಬ್ರು? ನಿನ್ನ ಆಫೀಸಿನವರಾ?"

ತಂಗಿಗೆ ನಗು ಬಂತು. ಬಂದ ನಗು ಗಂಟಲಲ್ಲೇ ತಿರುಗಿ ಅಳುವಾಯಿತು. ಡಾಕ್ಟರ ಕೋಣೆಯಲ್ಲಿ ನುಂಗಿಕೊಂಡದ್ದು, ಇಷ್ಟು ತಿಂಗಳು ನುಂಗಿಕೊಂಡೇ ಬಂದದ್ದು, ಎಲ್ಲ ಒಟ್ಟಿಗೆ ಉಕ್ಕಿ ಬಂತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆ ನಾಯಿಯನ್ನು ನೆನೆದು ಅಳಲು ಈ ಮನೆಯಲ್ಲಿ ಇನ್ನು ಅವಳೊಬ್ಬಳೇ.

ಅಕ್ಕ ಗಾಬರಿಯಾಗಿ ಎದ್ದು ಬಂದಳು. "ಏನಾಯ್ತೇ? ಯಾರಾದ್ರೂ ಏನಾದ್ರೂ ಅಂದ್ರಾ?" ಅಕ್ಕ ಮತ್ತೆ ಕೇಳಲಿಲ್ಲ. ತಂಗಿಯ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, ಜಡೆ ಬಿಚ್ಚಿ, ಬೆರಳುಗಳಿಂದಲೇ ಸಿಕ್ಕು ಬಿಡಿಸುತ್ತಾ ನಿಂತಳು.

ಕಂಪ್ಯೂಟರಿನಲ್ಲಿ ಕರೆಯೊಂದು ಬಂದು ಮಿನುಗಿತು. ತಂಗಿ ಅದನ್ನು ತೆಗೆದುಕೊಳ್ಳಲಿಲ್ಲ.

"ಅತ್ಬಿಡು" ಎಂದಳು ಅಕ್ಕ. "ನಾನಿದೀನಲ್ಲ."